ಖಾಲಿ ಪೆಟ್ಟಿಗೆಗಳ ಲೆಕ್ಕ

ಮಾಲ್ಡೀವ್ಸ್‌ಗೆ ಹೊಸ ಕಂಟೇನರ್ ಬಂದರಿನ ನಕ್ಷೆ ಮಾಡುವ ತಂಡದಲ್ಲಿದ್ದಾಗ ಎಲ್ಲ ಸಭೆಗಳಲ್ಲೂ ಏಳುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ದೊಡ್ಡ ಹಡಗು ಬರುವಂತಾಗಬೇಕು? ದೊಡ್ಡ ಹಡಗಿನ ಆಸೆ ಯಾರಿಗಿಲ್ಲ! ಆದರೆ ಪಕ್ಕದ ಕೊಲಂಬೊದಲ್ಲಿ 2013ರಿಂದಲೇ 18 ಮೀಟರ್ ಆಳದ ಟರ್ಮಿನಲ್ ಇದೆ. ಏಷ್ಯಾ-ಯುರೋಪ್ ಮಾರ್ಗದ ಭಾರೀ ಹಡಗುಗಳು ಅಲ್ಲಿ ಸರಕು ಇಳಿಸಿ ಮುಂದೆ ಸಾಗುತ್ತವೆ. ಐದು ಲಕ್ಷ ಚಿಲ್ಲರೆ ಜನರಿರುವ ದೇಶಕ್ಕಾಗಿ ಅವು ದಾರಿ ಬಿಟ್ಟು ಬರುವುದಿಲ್ಲ. ಕೊಲಂಬೊದಿಂದ ಸರಕು ತರುವ ಸಣ್ಣ ಫೀಡರ್ ಹಡಗನ್ನೇ ನಂಬಿ ಲೆಕ್ಕ ಹಾಕೋಣ ಎಂಬುದು ನನ್ನ ವಾದ. ಸಭೆಯಲ್ಲಿ ಅದು ಯಾರಿಗೂ ರುಚಿಸುತ್ತಿರಲಿಲ್ಲ.

ಅಲ್ಲಿನ ನಿಜವಾದ ತಲೆನೋವು ಖಾಲಿ ಕಂಟೇನರು. ಅಕ್ಕಿ, ಈರುಳ್ಳಿ, ಸಿಮೆಂಟು, ರೆಸಾರ್ಟಿನ ಹಾಸಿಗೆ, ಎಲ್ಲವೂ ಹೊರಗಿನಿಂದ ಬರಬೇಕು. ವಾಪಸು ಹೋಗುವುದಕ್ಕೆ ಟ್ಯೂನಾ ಮೀನು ಬಿಟ್ಟರೆ ಹೇಳಿಕೊಳ್ಳುವಂಥದ್ದು ಕಡಿಮೆ. ತುಂಬಿದ್ದಾಗ ಎಷ್ಟು ನೆಲ ಬೇಕೋ ಖಾಲಿಯಾದ ಮೇಲೂ ಪೆಟ್ಟಿಗೆಗೆ ಅಷ್ಟೇ ನೆಲ ಬೇಕು. ಹಗುರವೆಂದು ಆರೇಳು ಅಂತಸ್ತು ಪೇರಿಸಬಹುದು, ಆದರೆ ಮಳೆಗಾಲದ ಗಾಳಿ ಕೇಳಬೇಕಲ್ಲ. ಲಗೂನಿನ ಮರಳು ಹೀರಿ ತುಂಬಿ, ದುಬಾರಿ ಬೆಲೆಗೆ ಪಡೆದ ನೆಲವನ್ನು ಏನೂ ಇಲ್ಲದ ಪೆಟ್ಟಿಗೆಗೆ ಕೊಡುವುದೆಂದರೆ ಯಾರಿಗಾದರೂ ಕೈ ನಡುಗುತ್ತದೆ.

ಆ ನೆಲವನ್ನಾದರೂ ಎಲ್ಲಿ ಮಾಡುವುದು? ಹವಳದ ದಿಬ್ಬದ ಮೇಲೆ ನೀರು ಒಂದೆರಡು ಮೀಟರ್. ಅಂಚು ದಾಟಿದರೆ ನಲವತ್ತು ಐವತ್ತು ಮೀಟರ್ ಆಳ. ನಮಗೆ ಬೇಕಾದ ಹತ್ತು ಹನ್ನೆರಡು ಮೀಟರ್ ಇರುವುದು ಆ ಕಡಿದಾದ ಇಳಿಜಾರಿನ ಒಂದು ಗೀರಿನಲ್ಲಿ ಮಾತ್ರ. ದಕ್ಕೆಯನ್ನು ಒಳಗೆ ಸರಿಸಿದರೆ ಹವಳ ಕಡಿಯಬೇಕು. ಹೊರಗೆ ತಂದರೆ ಕಂಬಗಳ ಉದ್ದಕ್ಕೆ ಕೊನೆಯಿಲ್ಲ. ಇನ್ನು ಅಲೆತಡೆ. ಮಂಗಳೂರಿನ ಬಂದರಿರುವ ಪಣಂಬೂರಿನ ಕಡೆಯವನಾದ ನನಗೆ ಅದೆಂದರೆ ಲಾರಿಗಳಲ್ಲಿ ಬಂದು ಬೀಳುವ ಕಲ್ಲು. ಮಾಲ್ಡೀವ್ಸ್‌ನಲ್ಲಿ ಬಂಡೆಯೇ ಇಲ್ಲ. ಜಲ್ಲಿಯೂ ಹಡಗಿನಲ್ಲಿ ಬರಬೇಕು, ಭಾರತದಿಂದಾದರೆ ರಫ್ತಿನ ಕೋಟಾ ನೋಡಿಕೊಂಡು. 1987ರ ಅಲೆಗಳ ಹೊಡೆತದ ನಂತರ ಜಪಾನ್ ನೆರವಿನಿಂದ ಮಾಲೆ ಸುತ್ತ ಕಟ್ಟಿದ್ದೂ ಕಾಂಕ್ರೀಟ್ ಟೆಟ್ರಾಪಾಡ್‌ಗಳ ಗೋಡೆಯೇ.

ಅಲೆಯ ವಿಷಯದಲ್ಲಿ ಕಣ್ಣನ್ನು ನಂಬಬಾರದು. 2007ರ ಮೇ ತಿಂಗಳಲ್ಲಿ ಹಲವು ದ್ವೀಪಗಳಿಗೆ ನೀರು ನುಗ್ಗಿಸಿದ ಉಬ್ಬಲೆಗಳು ಹುಟ್ಟಿದ್ದು ದೂರದ ದಕ್ಷಿಣ ಸಾಗರದಲ್ಲಿ. ಇಂಥ ಉಬ್ಬಲೆಗಳ ಜೊತೆ ಬರುವ ದೀರ್ಘಾವಧಿಯ ಅಲೆ ನೋಡಲು ಏನೂ ಅಲ್ಲ. ಆದರೆ ಕಟ್ಟಿದ ಹಡಗು ದಕ್ಕೆಯುದ್ದಕ್ಕೂ ಹಿಂದೆ ಮುಂದೆ ಜಾರತೊಡಗುತ್ತದೆ, ಕ್ರೇನಿನ ಕೊಂಡಿಗೆ ಕಂಟೇನರಿನ ಮೂಲೆಗಳು ಸಿಗುವುದಿಲ್ಲ. ನಮ್ಮ ಮಾದರಿ ಪರೀಕ್ಷೆಗಳಲ್ಲಿ ಅಲೆತಡೆಯನ್ನು ಉದ್ದ ಮಾಡಿದ್ದಕ್ಕಿಂತ ದಕ್ಕೆಯ ದಿಕ್ಕು ತಿರುಗಿಸಿದ್ದೇ ಹೆಚ್ಚು ಉಪಯೋಗಕ್ಕೆ ಬಂತು.

ಇಷ್ಟೆಲ್ಲ ಆದಮೇಲೂ ಸರಕು ಮುಟ್ಟಬೇಕಾದಲ್ಲಿ ಮುಟ್ಟಿರುವುದಿಲ್ಲ. ಸುಮಾರು 1,200 ದ್ವೀಪಗಳಲ್ಲಿ ಜನ ನೆಲೆಸಿರುವುದು ಇನ್ನೂರಕ್ಕೂ ಕಡಿಮೆ ಕಡೆ. ಅಲ್ಲಿಗೆಲ್ಲ ಮೂಟೆಗಳು ಹೋಗುವುದು ದೋಣಿಗಳಲ್ಲಿ. ಅವುಗಳ ಅಂಚು ನೀರಿಗೆ ಹತ್ತಿರ. ಹಡಗಿನ ದಕ್ಕೆಯನ್ನಾದರೆ ಏರುವ ಸಮುದ್ರಕ್ಕೆ ಹೆದರಿ ಎತ್ತರಿಸುತ್ತೇವೆ. ಎತ್ತರಿಸಿದಷ್ಟೂ ಮೂಟೆ ಹೊರುವವನ ಸೊಂಟ ಮುರಿಯುತ್ತದೆ. ಮೊದಲ ನಕ್ಷೆಗಳಲ್ಲಿ ದೋಣಿಗೆ ಸಿಕ್ಕಿದ್ದು ಒಂದು ಮೂಲೆ ಮಾತ್ರ, ಅದೂ ಕಸದ ಬಾರ್ಜಿನ ಪಕ್ಕ.

ಕೊನೆಗೆ ಬಂದರಿನ ಹಿಂಬದಿಯಲ್ಲಿ ತಗ್ಗಿನ ಇನ್ನೊಂದು ದಕ್ಕೆ, ಅದಕ್ಕೆ ತಾಗಿ ಕಂಟೇನರ್ ಬಿಚ್ಚಿ ವಿಂಗಡಿಸುವ ಶೆಡ್ಡು ಬಂದವು. ಅದರ ಖರ್ಚು ಹೊಂದಿಸಲು ಮುಂದಿನ ದಕ್ಕೆ ಮೊಟಕಾಯಿತು, ಒಂದು ದೊಡ್ಡ ಕ್ರೇನ್ ಪಟ್ಟಿಯಿಂದ ಹೋಯಿತು. ಪ್ರಚಾರದ ಚಿತ್ರದಲ್ಲಿ ಮಾತ್ರ ಆ ಕ್ರೇನನ್ನು ಹಾಗೇ ಉಳಿಸಿಕೊಂಡರು.