ಊರ ಕಾನು: ಎಣಿಕೆ ಮತ್ತು ಸಮಾಲೋಚನೆ

ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಎಡೆಯಲ್ಲಿ ಆನವಟ್ಟಿ ಇದೆ. ಸೊರಬದ ಪಶ್ಚಿಮದ ಹಳ್ಳಿಗಳಿಂದ ಈ ಕಡೆಗೆ ಬರುವ ಪಥಿಕನಿಗೆ ಅಡಕೆ ತೋಟಗಳು ವಿರಳವಾಗುತ್ತ, ಗದ್ದೆ ಹೊಲಗಳು ವಿಶಾಲವಾಗುತ್ತ ಹೋಗುವುದು ಕಾಣುತ್ತದೆ. ಈ ತಾಲ್ಲೂಕಿನ ನೆಲದಲ್ಲಿ ಮತ್ತಿ, ಹೊನ್ನೆ, ನಂದಿಯಂಥ ಎಲೆಯುದುರುವ ಮರಗಳ ಕಾಡು ಸಾಮಾನ್ಯ. ಆದರೆ ಆ ಕಾಡಿನ ನಡುನಡುವೆ, ಊರುಗಳ ಮಗ್ಗುಲಲ್ಲಿ, ಬೇಸಗೆಯಲ್ಲಿಯೂ ಹಸಿರಳಿಯದ ದಟ್ಟ ವೃಕ್ಷಸಮೂಹಗಳಿವೆ. ಇವುಗಳನ್ನು ಜನರು ಕಾಡೆಂದು ಕರೆಯದೆ ‘ಕಾನು’ ಎಂದು ಬೇರೆಯ ಹೆಸರಿನಿಂದ ಕರೆದರು. ಹೆಸರು ಬೇರೆಯಾದುದಕ್ಕೆ ಕಾರಣವಿದೆ. ಕಾನು ಕೇವಲ ತಾನಾಗಿ ಬೆಳೆದ ಅರಣ್ಯವಲ್ಲ. ಅದು ಊರಿನವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸಂಪತ್ತು.

ಕಾನಿನ ಉಪಯೋಗ

ಕಾನಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬುತ್ತಿತ್ತು. ಬೈನೆ, ದಾಲ್ಚಿನ್ನಿ, ಉಪ್ಪಾಗೆ, ಮುರುಗಲು, ರಾಮಪತ್ರೆ, ಹೆಬ್ಬಲಸು ಮುಂತಾದವು ಅಲ್ಲಿ ಬೆಳೆಯುತ್ತವೆ. ಜೇನು, ಹಣ್ಣು, ಔಷಧಿಯ ಬೇರು ಅಲ್ಲಿ ದೊರೆಯುತ್ತವೆ. ಇವೆಲ್ಲಕ್ಕಿಂತ ಹಿರಿದಾದ ಲಾಭವೆಂದರೆ ನೀರು. ನೆಲಕ್ಕೆ ಬಿದ್ದ ಎಲೆಗಳು ಕೊಳೆತು ಉಂಟಾದ ಮೆತ್ತನೆಯ ಮಣ್ಣು ಮಳೆಯ ನೀರನ್ನು ಹರಿಯಗೊಡದೆ ಹೀರಿಕೊಂಡು, ಮಳೆಗಾಲ ಕಳೆದ ಮೇಲೆಯೂ ತಗ್ಗಿನ ಕೆರೆ ಗದ್ದೆಗಳಿಗೆ ಮೆಲ್ಲಮೆಲ್ಲನೆ ಒಸರುತ್ತದೆ. ಹಾಗಾಗಿ ಕಾನಿನ ಅಳಿವು ರೈತನ ಗದ್ದೆಯ ಪ್ರಶ್ನೆಯೂ ಹೌದು.

ಇಂಥ ಸಂಪತ್ತನ್ನು ಹಿಂದಿನವರು ಕಟ್ಟುಪಾಡಿನಿಂದ ರಕ್ಷಿಸಿದರು. 1801ರಲ್ಲಿ ಉತ್ತರ ಕನ್ನಡದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಅಲ್ಲಿನ ಕಾಡುಗಳು ಆಯಾ ಗ್ರಾಮದೇವತೆಗೆ ಸೇರಿದವೆಂದೂ, ಊರ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಲಾಗದೆಂದೂ ಬರೆದಿಟ್ಟಿದ್ದಾನೆ. ದೇವರ ಹೆಸರಿನಲ್ಲಿದ್ದ ಈ ಕಟ್ಟಳೆಯ ಒಳಗೆ ಒಂದು ವಿವೇಕವಿತ್ತು: ಎಲ್ಲರಿಗೂ ಸೇರಿದುದನ್ನು ಒಬ್ಬನು ಕೇಳದೆ ಮುಟ್ಟಬಾರದು.

ಮೊದಲ ದೊಡ್ಡ ಎಣಿಕೆ

ಮೈಸೂರು ಸಂಸ್ಥಾನವು ಕಮಿಷನರರ ಆಡಳಿತದಲ್ಲಿದ್ದ ಕಾಲದಲ್ಲಿ, 1868ರಲ್ಲಿ, ಅರಣ್ಯಾಧಿಕಾರಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬವರು ಸೊರಬದ ಕಾನುಗಳನ್ನು ಕುರಿತು ಒಂದು ಜಂಟಿ ವರದಿಯನ್ನು ಸಿದ್ಧಪಡಿಸಿದರು. ಅದರಂತೆ ಈ ಒಂದೇ ತಾಲ್ಲೂಕಿನಲ್ಲಿ 171 ಕಾನುಗಳಿದ್ದವು. ಅವುಗಳ ಒಟ್ಟು ವಿಸ್ತಾರ ಸುಮಾರು 13,000 ಹೆಕ್ಟೇರು. ಇಂದಿನ ಅಧ್ಯಯನಕಾರರಿಗೆ ಈ ಅಂಕಿಗಳು ಅಮೂಲ್ಯ. ಹಿಂದೆ ಎಷ್ಟಿತ್ತೆಂಬುದು ತಿಳಿದಾಗಲೇ ಎಷ್ಟು ಹೋಯಿತೆಂಬುದನ್ನು ಅಳೆಯಲು ಸಾಧ್ಯ.

ಆದರೆ ಎಣಿಕೆಯೊಂದೇ ಕಾನನ್ನು ಉಳಿಸಲಿಲ್ಲ. ಕಾಲಕ್ರಮದಲ್ಲಿ ಕೆಲವು ಕಾನುಗಳು ಅರಣ್ಯ ಇಲಾಖೆಗೂ, ಕೆಲವು ಕಂದಾಯ ಇಲಾಖೆಗೂ ಸೇರಿದವು. ಊರಿನ ಹಳೆಯ ಹಕ್ಕು ಸಡಿಲವಾಯಿತು. ಹಕ್ಕಿನೊಡನೆ ಹೊಣೆಯೂ ಸಡಿಲವಾಯಿತು. ಸಾಗುವಳಿ ಅಂಚಿನಿಂದ ಒಳಸರಿಯಿತು. ಅನೇಕ ಕಡೆ ಅಕೇಶಿಯ, ನೀಲಗಿರಿಗಳ ನೆಡುತೋಪುಗಳು ಬಂದವು. ದೂರದಿಂದ ನೋಡುವವನಿಗೆ ಅದೂ ಹಸಿರೇ. ಆದರೆ ಅಲ್ಲಿ ಮಂಗಟ್ಟೆ ಹಕ್ಕಿಗೆ ಹಣ್ಣಿಲ್ಲ, ಕೆಂದಳಿಲಿಗೆ ಕೊಂಬೆಯಿಂದ ಕೊಂಬೆಗೆ ದಾರಿಯಿಲ್ಲ.

ಸಮೀಕ್ಷೆಯ ಕ್ರಮ

ಒಂದು ಕಾನನ್ನು ಅರಿಯಲು ದೊಡ್ಡ ಉಪಕರಣಗಳ ಅಗತ್ಯವಿಲ್ಲ. ಹಗ್ಗ, ಅಳತೆಪಟ್ಟಿ, ಗಡಿಯಾರ ಮತ್ತು ಪುಸ್ತಕವಿದ್ದರೆ ಸಾಕು. 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕಗಳನ್ನು ಗುರುತಿಸಿ, ಅದರೊಳಗಿನ ಪ್ರತಿ ಮರದ ಹೆಸರನ್ನೂ, ನೆಲದಿಂದ 130 ಸೆಂ.ಮೀ. ಎತ್ತರದಲ್ಲಿ ಅದರ ಸುತ್ತಳತೆಯನ್ನೂ ಬರೆಯಬೇಕು. ಸಸಿಗಳನ್ನು ಬೇರೆಯಾಗಿ ಎಣಿಸಬೇಕು. ಸಸಿಗಳ ಲೆಕ್ಕವೇ ಮುಖ್ಯ. ಹಿರಿಯ ಮರಗಳು ನೂರಿದ್ದು ಒಂದೂ ಸಸಿಯಿಲ್ಲದ ಕಾನು ಮಕ್ಕಳಿಲ್ಲದ ಮನೆಯಂತೆ. ನೋಟಕ್ಕೆ ತುಂಬಿದ್ದರೂ ಅದಕ್ಕೆ ನಾಳೆಯಿಲ್ಲ.

ಹಕ್ಕಿಗಳನ್ನು ಬೆಳಗಿನ ಹೊತ್ತು, ಗೊತ್ತಾದ ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ನಡೆದು ಎಣಿಸಬೇಕು. ಮೃಗಗಳು ಕಣ್ಣಿಗೆ ಬೀಳುವುದು ವಿರಳ. ಹೆಜ್ಜೆಗುರುತು, ಹಿಕ್ಕೆ, ಕೆರೆದ ಮಣ್ಣು ಅವುಗಳ ಸಾಕ್ಷಿ. ಒಂದು ದಿನದ ಎಣಿಕೆ ಕುತೂಹಲವನ್ನು ತಣಿಸಬಹುದು. ವರ್ಷ ವರ್ಷವೂ ಅದೇ ದಾರಿಯಲ್ಲಿ, ಅದೇ ಋತುವಿನಲ್ಲಿ ನಡೆದ ಎಣಿಕೆ ಮಾತ್ರವೇ ಜ್ಞಾನವಾಗುತ್ತದೆ.

ಸಮಾಲೋಚನೆಯ ಅಗತ್ಯ

ಎಣಿಕೆಯು ಏನಾಗಿದೆ ಎಂಬುದನ್ನು ಹೇಳುತ್ತದೆ. ಏಕೆ ಆಯಿತೆಂಬುದನ್ನು ಊರೇ ಹೇಳಬೇಕು. ಉದಾಹರಣೆಗೆ, ಒಂದು ಕಾನಿನಲ್ಲಿ ಸಸಿಗಳಿಲ್ಲವೆಂದು ಲೆಕ್ಕದಿಂದ ತಿಳಿಯಿತೆನ್ನೋಣ. ಬೇಲಿ ಹಾಕಿ, ದನಗಳನ್ನು ತಡೆಯಿರಿ ಎಂದು ಕಾಗದದ ಮೇಲೆ ಬರೆಯುವುದು ಸುಲಭ. ಆದರೆ ಸಭೆ ಸೇರಿದಾಗ ದನ ಕಾಯುವವನು, ಗೋಮಾಳ ಒತ್ತುವರಿಯಾದ ಕಾರಣ ಬೇಸಗೆಯಲ್ಲಿ ತನಗೆ ಬೇರೆ ದಾರಿಯಿಲ್ಲವೆನ್ನುತ್ತಾನೆ. ಪುರಲೆ ಆಯುವ ಹೆಂಗಸು ಒಲೆಯ ಮಾತನ್ನು ಎತ್ತುತ್ತಾಳೆ. ತೋಟದವನಿಗೆ ಸೊಪ್ಪು ಬೇಕು. ಕಾಡುಹಂದಿಯಿಂದ ಭತ್ತ ಕಳೆದುಕೊಂಡ ರೈತನು, ಮೃಗಗಳ ಮಾತನ್ನು ಆಮೇಲೆ ಆಡಿ, ಮೊದಲು ನನ್ನ ನಷ್ಟವನ್ನು ಬರೆಯಿರಿ ಎನ್ನುತ್ತಾನೆ. ಇವರಲ್ಲಿ ಯಾರೂ ಕಾನಿನ ವೈರಿಗಳಲ್ಲ. ಇವರ ಮಾತನ್ನು ಕೇಳದೆ ಮಾಡಿದ ಬೇಲಿ ಮರುವರ್ಷಕ್ಕೆ ಮುರಿಯುತ್ತದೆ. ಕೇಳಿದ ಮೇಲೆ, ಕಾನಿನ ಒಂದು ಭಾಗವನ್ನು ಮೂರು ವರ್ಷ ಮುಚ್ಚಿ ಇನ್ನೊಂದನ್ನು ತೆರೆದಿಡುವ, ಒತ್ತುವರಿಯಾದ ಗೋಮಾಳವನ್ನು ಬಿಡಿಸಿಕೊಳ್ಳುವ ದಾರಿಗಳು ತೋರುತ್ತವೆ. ಮೂರು ವರ್ಷದ ಅನಂತರ ಸಸಿಗಳನ್ನು ಮತ್ತೆ ಎಣಿಸಿದರೆ ನಿರ್ಣಯ ಸರಿಯಾಗಿತ್ತೋ ಇಲ್ಲವೋ ತಿಳಿಯುತ್ತದೆ.

ಈ ತತ್ತ್ವ ಈಗ ಶಾಸನದಲ್ಲಿಯೂ ಇದೆ. 2002ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಬೇಕೆಂದಿತು. ಸ್ಥಳೀಯ ಜನರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಆ ಸಮಿತಿಗಳ ಮುಖ್ಯ ಕರ್ತವ್ಯವೆಂದು 2004ರ ನಿಯಮಗಳು ಹೇಳಿದವು. ಈ ದಾಖಲೆಗಳು 2020ರ ಜನವರಿ 31ರೊಳಗೆ ಮುಗಿಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ವಿಧಿಸಿತ್ತು. ಗಡುವು ಕೆಲಸವನ್ನು ತೊಡಗಿಸಬಲ್ಲದು. ಆದರೆ ಊರಿನವರನ್ನು ಕೇಳದೆ ತುಂಬಿದ ದಾಖಲೆ ಎಷ್ಟು ಪುಟಗಳಿದ್ದರೂ ಬರಿದೇ.

ಎರಡು ನಿದರ್ಶನಗಳು

ಸೊರಬದಿಂದ ಸುಮಾರು 16 ಕಿ.ಮೀ. ದೂರದಲ್ಲಿರುವ ಗುಡವಿ ಪಕ್ಷಿಧಾಮದ ವಿಸ್ತಾರ ಕೇವಲ 0.73 ಚದರ ಕಿ.ಮೀ. ಮಳೆಗಾಲದಲ್ಲಿ ಅಲ್ಲಿನ ಕೆರೆಯ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಕೆರೆಯಲ್ಲಿ ನೀರು ನಿಲ್ಲದಿದ್ದರೆ ಹಕ್ಕಿಯೂ ನಿಲ್ಲುವುದಿಲ್ಲ. ಆದ್ದರಿಂದ ಗೂಡಿನ ಎಣಿಕೆ ಕೆರೆಯ ಸ್ಥಿತಿಯ ಎಣಿಕೆಯೂ ಹೌದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಜನರ ಅಂಗಳದ ಮರಗಳನ್ನು ಜನರ ಒಪ್ಪಿಗೆಯಿಲ್ಲದೆ ಕಾಯಲಾಗದು. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು.

ಕಾನುಗಳಿಗೂ ಇದೇ ಪಾಠ ಅನ್ವಯಿಸುತ್ತದೆ. ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ತಮ್ಮ ಊರಿನ ಹಿರಿಯರೊಡನೆ ಕಾನಿಗೆ ಹೋಗಿ, ಅವರು ಹೇಳುವ ಮರದ ಹೆಸರುಗಳನ್ನು ಬರೆದುಕೊಳ್ಳಲಿ, ಸಸಿಗಳನ್ನು ಎಣಿಸಲಿ, ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಲಿ. ತಪ್ಪಿದ್ದಲ್ಲಿ ಹಿರಿಯರು ತಿದ್ದುತ್ತಾರೆ. ಹೆಸರು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮರ ಹೋದರೆ ಒಂದು ನಷ್ಟ, ಅದರ ಹೆಸರೂ ಹೋದರೆ ಎರಡು ನಷ್ಟ. ಎರಡನೆಯದನ್ನು ತಡೆಯುವುದು ಒಂದು ಪುಸ್ತಕ ಮತ್ತು ಲೇಖನಿ ಹಿಡಿದ ಬಾಲಕ ಬಾಲಕಿಯರಿಗೂ ಸಾಧ್ಯ. ಮೊದಲನೆಯದನ್ನು ತಡೆಯುವ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.