ಟೆನಿಸ್ ಸ್ಕಾಲರ್‌ಷಿಪ್: ಕಮಿಷನ್ ಕರಾರಿಗೆ ಸಹಿ ಹಾಕುವ ಮುನ್ನ

"ಮಗಳಿಗೆ ಅಮೆರಿಕದಲ್ಲಿ ಟೆನಿಸ್ ಸ್ಕಾಲರ್‌ಷಿಪ್ ಆಗುತ್ತಂತೆ ಸಾರ್, ಒಬ್ಬರು ಮಾಡಿಸಿಕೊಡ್ತಾರೆ." ಬೆಂಗಳೂರಿನ ಟೆನಿಸ್ ಅಕಾಡೆಮಿಗಳ ಆಸುಪಾಸಿನಲ್ಲಿ ಈ 'ಒಬ್ಬರು' ಯಾವಾಗಲೂ ಇರುತ್ತಾರೆ. ತಂದೆತಾಯಿ ವಕೀಲರ ಬಳಿ ಬರುವುದು ಮಾತ್ರ ಕರಾರಿಗೆ ಸಹಿ ಹಾಕಿ, ಮುಂಗಡ ಕೊಟ್ಟು, ಆ ಮನುಷ್ಯ ಫೋನ್ ಎತ್ತುವುದನ್ನು ನಿಲ್ಲಿಸಿದ ಮೇಲೆ. ದುಡ್ಡು ಹೋಯಿತಲ್ಲ ಎಂಬುದು ಅವರ ಅಳಲು. ಕರಾರು ಓದಿದ ಮೇಲೆ ನನಗೆ ಹುಟ್ಟುವ ಚಿಂತೆ ಬೇರೆ: ಆ ಕಾಗದವೇ ಹುಡುಗಿಯ ಆಡುವ ಅರ್ಹತೆಗೆ ಕುತ್ತು ತಂದಿರಬಹುದು.

ಕಾಗದ ಹೀಗಿರುತ್ತದೆ. ಇ-ಸ್ಟ್ಯಾಂಪ್ ಮೇಲೆ ಮೂರು ನಾಲ್ಕು ಪುಟ ಇಂಗ್ಲಿಷ್. ಮೊದಲ ಪುಟದಲ್ಲಿ ನೋಂದಣಿ ಶುಲ್ಕ, ವಿಡಿಯೊ ಚಿತ್ರೀಕರಣ, ಕೋಚ್‌ಗಳಿಗೆ ಇಮೇಲ್. ಕೊನೆಯ ಪುಟದಲ್ಲಿ, ಸಹಿ ಹಾಕುವ ಜಾಗದ ಸ್ವಲ್ಪ ಮೇಲೆ, ಕಾಲೇಜು ಕೊಡುವ ಸ್ಕಾಲರ್‌ಷಿಪ್ ಮೊತ್ತದ ಶೇಕಡಾ ಇಷ್ಟು 'ಸಕ್ಸೆಸ್ ಫೀ' ಎಂಬ ಒಂದು ಸಾಲು. ನಮ್ಮವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಸೈಟಿಗೂ ಕಮಿಷನ್, ಸೀಟಿಗೂ ಕಮಿಷನ್. ಕೆಲಸವಾದರೆ ತಾನೇ ಕೊಡುವುದು ಎಂದು ಸಮಾಧಾನವನ್ನೇ ಪಡುತ್ತಾರೆ.

ಅಮೆರಿಕದ ಕಾಲೇಜು ಕ್ರೀಡೆಯ ಬಹುಪಾಲನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮ ಇದಕ್ಕೆ ತದ್ವಿರುದ್ಧ. ಆಟಗಾರರನ್ನು ಕಾಲೇಜುಗಳಿಗೆ ಪರಿಚಯಿಸುವ ಸೇವೆಗೆ ನಿಗದಿತ ಶುಲ್ಕ ಕೊಡಬಹುದು. ಆದರೆ ಆ ಶುಲ್ಕಕ್ಕೂ ಸ್ಕಾಲರ್‌ಷಿಪ್ ಸಿಗುವುದಕ್ಕೂ ಗಂಟು ಹಾಕಿದರೆ ಸೇವೆ ಕೊಡುವವನು ಏಜೆಂಟ್ ಆಗಿಬಿಡುತ್ತಾನೆ, ಏಜೆಂಟನ್ನು ಇಟ್ಟುಕೊಂಡ ಆಟಗಾರರ ಅರ್ಹತೆ ಪ್ರಶ್ನೆಗೆ ಬೀಳುತ್ತದೆ. ಕಮಿಷನ್ ತಿನ್ನುವವನಿಗೆ ಶಿಕ್ಷೆ ಇಲ್ಲ, ಅವನು ಎನ್‌ಸಿಎಎ ಕೈಗೆ ಸಿಗುವವನೇ ಅಲ್ಲ. ಅನುಭವಿಸುವುದು ಹದಿನೆಂಟರ ಹುಡುಗಿ.

"ಸ್ಕಾಲರ್‌ಷಿಪ್ ಸಿಗದಿದ್ದರೆ ಹಣ ವಾಪಸ್" ಎಂಬ ಭರವಸೆಯನ್ನೂ ನಾನು ಇದೇ ಸಾಲಿನಲ್ಲಿಡುತ್ತೇನೆ. ಗೆದ್ದರೆ ಇಷ್ಟು ಎನ್ನುವುದಕ್ಕೂ ಸೋತರೆ ವಾಪಸ್ ಎನ್ನುವುದಕ್ಕೂ ಒಳಗಿನ ಲೆಕ್ಕ ಒಂದೇ.

ಸಹಿ ಹಾಕಿಯಾಗಿದೆಯೇ? ಮುಚ್ಚಿಡಬೇಡಿ. ಎನ್‌ಸಿಎಎ ಅರ್ಹತಾ ಕೇಂದ್ರದ ನೋಂದಣಿಯಲ್ಲಿ ಏಜೆಂಟ್ ಬಗ್ಗೆ ನೇರ ಪ್ರಶ್ನೆಯಿದೆ. "ಅಲ್ಲಿ ಇಲ್ಲ ಅಂತ ಹಾಕಿ, ಯಾರು ನೋಡ್ತಾರೆ" ಎನ್ನುತ್ತಾನೆ ನಮ್ಮ ಮಧ್ಯವರ್ತಿ. ಸುಳ್ಳು ಮಾಹಿತಿ ಕೊಟ್ಟದ್ದು ಗೊತ್ತಾದರೆ ಕೊಟ್ಟ ಸ್ಕಾಲರ್‌ಷಿಪ್ಪನ್ನು ವರ್ಷದ ನಡುವೆಯೇ ಕಿತ್ತುಕೊಳ್ಳಲು ನಿಯಮವೇ ಅವಕಾಶ ಕೊಡುತ್ತದೆ. ಕರಾರಿನ ಪ್ರತಿಯೊಂದಿಗೆ ಕಾಲೇಜಿನ ಕಂಪ್ಲಯನ್ಸ್ (ನಿಯಮಪಾಲನೆ) ಕಚೇರಿಗೆ ಬರೆಯಿರಿ. ಅರ್ಹತೆ ಮರಳಿ ಕೊಡಿಸುವ ದಾರಿ ಇದೆ. ಆದರೆ ಆ ಅರ್ಜಿ ಹಾಕಬೇಕಾದದ್ದು ಕಾಲೇಜು, ನೀವಲ್ಲ. ಹಾಗಾಗಿ ಯಾವುದಾದರೂ ಕಾಲೇಜಿಗೆ ನಿಮ್ಮ ಮಗು ಬೇಕಾಗಿರುವಾಗಲೇ ಹೇಳಿಬಿಡುವುದು ಲೇಸು.

ಅಸಲಿಗೆ ಈ ಮಧ್ಯವರ್ತಿ ಏಕೆ ಬೇಕು? ಕೋಚ್‌ಗಳ ಇಮೇಲ್ ವಿಳಾಸ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ಇದೆ. ಅವರು ಮೊದಲು ನೋಡುವುದು ಯುಟಿಆರ್ ರೇಟಿಂಗ್, ಆಮೇಲೆ ಪಂದ್ಯದ ವಿಡಿಯೊ, ಆಮೇಲೆ ಅಂಕಪಟ್ಟಿ. ಮೂರೂ ನಿಮ್ಮಲ್ಲೇ ಇವೆ. ಒಂದು ಎಚ್ಚರಿಕೆ: ಎನ್‌ಸಿಎಎಯ ಮೂರು ಹಂತಗಳಲ್ಲಿ ಮೇಲಿನದಾದ ಡಿವಿಷನ್ ಒಂದರ ಕೋಚ್‌ಗಳು ಹತ್ತನೇ ತರಗತಿ ಮುಗಿದ ಜೂನ್ 15ಕ್ಕೆ ಮುಂಚೆ ನೇಮಕಾತಿಯ ಮಾತಾಡುವಂತಿಲ್ಲ. ಒಂಬತ್ತರಲ್ಲಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲವೆಂದರೆ ಮಗು ಬೇಡವೆಂದಲ್ಲ. ಈ ಮೌನವನ್ನೇ ತೋರಿಸಿ "ನೋಡಿ, ನೇರವಾಗಿ ಬರೆದರೆ ಉತ್ತರ ಕೊಡಲ್ಲ" ಎಂದು ವ್ಯಾಪಾರ ಕುದುರಿಸುವವರಿದ್ದಾರೆ.

ಅಂಕಪಟ್ಟಿ ಒಂಬತ್ತನೇ ತರಗತಿಯಿಂದಲೇ ಬೇಕು. ಟೆನಿಸ್ ಮಕ್ಕಳು ಶಾಲೆ ಬದಲಿಸುವುದು ಹೆಚ್ಚು. ಹಳೆ ಶಾಲೆಯ ಗುಮಾಸ್ತರು "ಒಂಬತ್ತನೇ ಕ್ಲಾಸಿನದು ಯಾರಿಗೆ ಬೇಕು ಹೋಗ್ರಿ" ಎಂದು ಓಡಿಸುತ್ತಾರೆ. ಅರ್ಜಿ ಬರೆದುಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಕೇಳಿದ ಕೂಡಲೇ ಕಡತ ಸಿಗುವುದು ನಮ್ಮ ನಾಡಿನ ಪವಾಡ. ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಸೇರಿಸಿ. ಅರ್ಹತೆಗೆ ಎಸ್‌ಎಟಿ ಅಂಕ ಬೇಕೆಂಬ ಷರತ್ತನ್ನು ಎನ್‌ಸಿಎಎ 2023ರಲ್ಲಿ ತೆಗೆದುಹಾಕಿತು. ಆದರೆ ಪ್ರವೇಶಕ್ಕೆ ಕಾಲೇಜೇ ಕೇಳಿದರೆ ಬರೆಯಲೇಬೇಕು.

ಇನ್ನು ಹಣದ ವಿಷಯ. 'ಹೆಣ್ಣುಮಕ್ಕಳಿಗೆ ಫುಲ್ ಸ್ಕಾಲರ್‌ಷಿಪ್ ಗ್ಯಾರಂಟಿ' ಎಂಬ ಜಾಹೀರಾತು ಹಳೆಯ ನಿಯಮದ ಪಳೆಯುಳಿಕೆ. ಡಿವಿಷನ್ ಒಂದರಲ್ಲಿ ಮಹಿಳಾ ಟೆನಿಸ್ ತಂಡಕ್ಕೆ 8, ಪುರುಷರ ತಂಡಕ್ಕೆ 4.5 ಸ್ಕಾಲರ್‌ಷಿಪ್ ಎಂಬ ಮಿತಿ ಇತ್ತು. ಅರ್ಧ ಕೊಟ್ಟರೂ ಒಂದು ಎಂದೇ ಲೆಕ್ಕವಾಗುತ್ತಿದ್ದ ಕಾರಣ ಹುಡುಗಿಯರಿಗೆ ಪೂರ್ತಿಯೇ ಸಿಗುತ್ತಿತ್ತು; ಹುಡುಗರಿಗೆ ಆ ನಾಲ್ಕೂವರೆಯನ್ನೇ ಹರಿದು ಹಂಚುತ್ತಿದ್ದರು. 2025ರ ಜೂನ್‌ನಲ್ಲಿ ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ನ್ಯಾಯಾಲಯ ಒಪ್ಪಿಗೆ ಕೊಟ್ಟಮೇಲೆ, ಅದನ್ನು ಒಪ್ಪಿಕೊಂಡ ಕಾಲೇಜುಗಳಲ್ಲಿ ಆ ಮಿತಿ ಹೋಗಿ ತಂಡಕ್ಕೆ ಹತ್ತೇ ಮಂದಿ ಎಂಬ ಮಿತಿ ಬಂತು. ಹತ್ತೂ ಜನಕ್ಕೆ ಕೊಡಬಹುದು, ಕೊಡಲೇಬೇಕೆಂದಿಲ್ಲ. ಹುಡುಗಿಯರಿಗೂ ಈಗ ಕಾಲು, ಅರ್ಧ ಎಂದು ಹಂಚಬಹುದು. ಹನ್ನೊಂದನೆಯವಳಿಗೆ, ಸ್ವಂತ ದುಡ್ಡಿನಲ್ಲಿ ಓದುತ್ತೇನೆಂದರೂ, ತಂಡದಲ್ಲಿ ಜಾಗವಿಲ್ಲ. ರಾಜಿಗೆ ಸೇರದ ಕಾಲೇಜುಗಳ ಕಥೆ ಬೇರೆ. ಐವಿ ಲೀಗ್ ಮತ್ತು ಡಿವಿಷನ್ ಮೂರರಲ್ಲಿ ಆಟಕ್ಕೆಂದು ಸ್ಕಾಲರ್‌ಷಿಪ್ಪೇ ಇಲ್ಲ. ಅಲ್ಲಿನ ಹೆಸರು ಹೇಳಿ 'ಸ್ಪೋರ್ಟ್ಸ್ ಕೋಟಾ' ಎನ್ನುವವರನ್ನು ಬಾಗಿಲಲ್ಲೇ ಬೀಳ್ಕೊಡಿ.

ಕೋಚ್‌ನ ಇಮೇಲ್, ವಾಟ್ಸ್‌ಆ್ಯಪ್ ಸಂದೇಶ ಸ್ಕಾಲರ್‌ಷಿಪ್ ಅಲ್ಲ. ಹಿಂದೆ ಸಹಿ ಹಾಕಿಸುತ್ತಿದ್ದ ರಾಷ್ಟ್ರೀಯ ಲೆಟರ್ ಆಫ್ ಇಂಟೆಂಟ್ 2024ರ ಅಕ್ಟೋಬರ್‌ನಲ್ಲಿ ರದ್ದಾಯಿತು. ಈಗ ಕಾಲೇಜು ಕೊಡುವ ಆರ್ಥಿಕ ನೆರವಿನ ಒಪ್ಪಂದ ಪತ್ರವೇ ಆಧಾರ. ಅದರಲ್ಲಿ ಮೊದಲು ಅವಧಿ ನೋಡಿ: ಒಂದು ವರ್ಷವೋ, ನಾಲ್ಕೋ? ನೆರವು ಶೇಕಡಾವಾರೋ, ನಿಗದಿತ ಡಾಲರೋ? ವರ್ಷಕ್ಕೆ 60,000 ಡಾಲರ್ ವೆಚ್ಚದ ಕಾಲೇಜು 24,000 ಕೊಟ್ಟರೆ ಉಳಿದ 36,000 ನಿಮ್ಮ ಜೇಬಿನದು. ಮುಂದಿನ ವರ್ಷ ಫೀಸು ಏರಿದರೂ ಆ 24,000 ಏರುವುದಿಲ್ಲ. ಊಟ ವಸತಿಗೆ ಸಿಕ್ಕ ನೆರವಿಗೆ ಅಮೆರಿಕದಲ್ಲಿ ತೆರಿಗೆಯೂ ಇದೆ, ಸಾಮಾನ್ಯವಾಗಿ ಶೇ 14ರಂತೆ ಮೊದಲೇ ಮುರಿದುಕೊಳ್ಳುತ್ತಾರೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಡಿ ನಮ್ಮ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ ಕೇಳಬಹುದು. ಕೇಳಿದವರಿಗಷ್ಟೇ ಸಿಗುತ್ತದೆ.

ಒಪ್ಪಂದದ ಅವಧಿಯ ನಡುವೆ, ಆಟ ಕುಸಿಯಿತು, ಮೊಣಕಾಲು ನೋವಾಯಿತು ಎಂದು ನೆರವು ಕಡಿಮೆ ಮಾಡುವಂತಿಲ್ಲ. ಅವಧಿ ಮುಗಿದ ಮೇಲೆ ಮುಂದುವರಿಸುತ್ತಾರೋ ಇಲ್ಲವೋ ಎಂಬುದನ್ನು ಜುಲೈ 1ರೊಳಗೆ ಬರಹದಲ್ಲಿ ತಿಳಿಸಬೇಕು. ನಿಲ್ಲಿಸಿದರೆ ಅಥವಾ ಕಡಿತ ಮಾಡಿದರೆ ಕ್ರೀಡಾ ವಿಭಾಗದ ಹೊರಗಿನವರ ಮುಂದೆ ಮೇಲ್ಮನವಿಗೆ ಹಕ್ಕಿದೆ. ಆದರೆ ಮಗು ಕೋಚ್‌ನ ಮಾತಿಗೆ ಕಟ್ಟುಬಿದ್ದು 'ಸ್ವಇಚ್ಛೆಯಿಂದ ತಂಡ ಬಿಡುತ್ತಿದ್ದೇನೆ' ಎಂದು ಬರೆದುಕೊಟ್ಟರೆ ಈ ರಕ್ಷಣೆ ಅಲ್ಲಿಗೆ ಮುಗಿಯಿತು. ಆ ಒಂದು ಸಾಲಿನ ಇಮೇಲ್ ಕಳಿಸುವ ಮುನ್ನ ಮನೆಗೆ ಫೋನ್ ಮಾಡಲು ಹೇಳಿಕೊಡಿ.

ಪಿಯುಸಿ ಮುಗಿಸಿ ಎರಡು ವರ್ಷ ಐಟಿಎಫ್ ಟೂರ್ನಿ ಆಡಿ ಆಮೇಲೆ ಹೋಗೋಣ ಎನ್ನುವವರು ನಿಲ್ಲಿ. ಹನ್ನೆರಡನೇ ತರಗತಿಯ ನಂತರ ಆರು ತಿಂಗಳಷ್ಟೇ ರಿಯಾಯಿತಿ, ಅದು ಮೀರಿ ಆಡಿದರೆ ಕಾಲೇಜಿನಲ್ಲಿ ಆಡುವ ಅವಧಿಗೆ ಕತ್ತರಿ, ಎಂಬುದು ಟೆನಿಸ್‌ನಲ್ಲಿ ಬಹುಕಾಲದ ನಿಯಮ. ಬಹುಮಾನದ ಹಣಕ್ಕೂ ಹಾಗೆಯೇ: ಕಾಲೇಜು ಸೇರುವ ಮುಂಚೆ ವರ್ಷಕ್ಕೆ 10,000 ಡಾಲರ್, ಅದಕ್ಕೂ ಮೇಲೆ ಖರ್ಚಿನಷ್ಟು ಮಾತ್ರ ಎಂಬ ನಿಯಮವನ್ನು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಆಟಗಾರ್ತಿ ರೀಸ್ ಬ್ರ್ಯಾಂಟ್‌ಮಯರ್ 2024ರಲ್ಲಿ ಕೋರ್ಟಿಗೆಳೆದರು. ಇವೆಲ್ಲ ಕದಲುತ್ತಿರುವ ನಿಯಮಗಳಾದ್ದರಿಂದ ಪ್ರವೇಶದ ವರ್ಷದ ಸ್ಥಿತಿಯನ್ನು ಕಂಪ್ಲಯನ್ಸ್ ಕಚೇರಿಯಿಂದಲೇ ಬರಹದಲ್ಲಿ ಕೇಳಿ ಪಡೆಯಿರಿ. ಪ್ರಯಾಣ, ವಸತಿ, ಕೋಚ್ ಶುಲ್ಕದ ರಸೀದಿಗಳನ್ನು ಎಸೆಯಬೇಡಿ. ಜಾಹೀರಾತಿನಿಂದ ಹಣ ಮಾಡುವ ಅಮೆರಿಕನ್ ಸಹಪಾಠಿಗಳನ್ನು ನೋಡಿ ನಿಮ್ಮವರೂ ಹೊರಟರೆ ಎಫ್-1 ವಿದ್ಯಾರ್ಥಿ ವೀಸಾಕ್ಕೇ ಸಂಚಕಾರ. ಎನ್‌ಸಿಎಎ ಒಪ್ಪಿದ್ದನ್ನು ವಲಸೆ ಇಲಾಖೆ ಒಪ್ಪಬೇಕೆಂದಿಲ್ಲ.

ಮಧ್ಯವರ್ತಿಯಿಂದ ಹಣ ವಾಪಸ್ ಪಡೆಯಲು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಸಾಕು. ಕರಾರಿನಲ್ಲಿ 'ವ್ಯಾಜ್ಯ ದೆಹಲಿಯಲ್ಲಿ ಮಾತ್ರ' ಎಂದು ಬರೆದಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಕಾಲಮಿತಿ ಎರಡು ವರ್ಷ. 'ಮುಂದಿನ ಸೀಸನ್‌ಗೆ ಖಂಡಿತ' ಎಂದು ಅವರು ನಿಮ್ಮನ್ನು ಕಾಯಿಸುವುದು ಈ ಎರಡು ವರ್ಷ ದಾಟಿಸಲಿಕ್ಕೂ ಇರಬಹುದು. ದುಡ್ಡು ನಗದಾಗಿ ಕೊಟ್ಟಿದ್ದರೆ, ಇಷ್ಟು ಮುಟ್ಟಿದೆ ಎಂದು ಅವರೇ ಒಪ್ಪುವ ಒಂದು ವಾಟ್ಸ್‌ಆ್ಯಪ್ ಉತ್ತರವನ್ನು, ಸಂಬಂಧ ಕೆಡುವ ಮುನ್ನವೇ, ಪಡೆದಿಟ್ಟುಕೊಳ್ಳಿ.