ಬುದ್ಧಿಮಾಪನದಲ್ಲಿ ನುಡಿಯ ತೂಕ

ಅಡಕೆಯ ಮಂಡಿಗಳಲ್ಲಿ ತಕ್ಕಡಿಯಿಂದ ತೂಗುತ್ತಿದ್ದ ಕಾಲದಲ್ಲಿ ಮಾಲನ್ನು ಇಡುವ ಮುನ್ನ ಬರಿದಾದ ತಟ್ಟೆಗಳೆರಡೂ ಸಮವಾಗಿ ನಿಲ್ಲುತ್ತವೆಯೇ ಎಂದು ನೋಡಿಕೊಳ್ಳುವುದು ವ್ಯವಹಾರಸ್ಥರ ರೂಢಿಯಾಗಿತ್ತು. ಪದಾರ್ಥಗಳನ್ನು ತೂಗುವಲ್ಲಿ ಸರ್ವರೂ ಒಪ್ಪಿದ ಈ ಎಚ್ಚರಿಕೆ ಮಕ್ಕಳ ಬುದ್ಧಿಯನ್ನು ಅಳೆಯುವಲ್ಲಿ ಅನೇಕ ವೇಳೆ ಮರೆತುಹೋಗುತ್ತದೆ. ಇಂಥ ಬಾಲಕನ ಬುದ್ಧಿಲಬ್ಧ ಇಷ್ಟು ಎಂದು ಕಾಗದದ ಮೇಲೆ ಬರೆದೊಡನೆ ಅದು ಅವನ ಹಣೆಬರಹವೇ ಆಗಿಬಿಡುವುದುಂಟು. ಮನಸ್ಸಿನ ಗುಣಗಳನ್ನು ಸಂಖ್ಯೆಯ ಮೂಲಕ ವಿವೇಚಿಸುವ ಶಾಸ್ತ್ರವೇ ಪರಿಮಾಣಾತ್ಮಕ ಮನಶ್ಶಾಸ್ತ್ರ. ಅದರಲ್ಲಿ ಡಾಕ್ಟರೇಟ್ ಪದವಿಗಾಗಿ ಶ್ರಮಿಸುವ ಸಂಶೋಧನಾರ್ಥಿಯ ಪರಿಶ್ರಮದ ಬಹುಭಾಗ ಅಳತೆಗೋಲನ್ನು ಪರೀಕ್ಷಿಸುವುದರಲ್ಲಿಯೇ ಕಳೆಯುತ್ತದೆಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು.

ಈ ಶಾಸ್ತ್ರ ಕನ್ನಡನಾಡಿಗೆ ಬಂದ ಬಗೆ ಸ್ವಾರಸ್ಯವಾದುದು. ಲಂಡನ್ನಿನ ವಿದ್ವಾಂಸ ಚಾರ್ಲ್ಸ್ ಸ್ಪಿಯರ್‌ಮನ್ ೧೯೦೪ರಲ್ಲಿ ಶಾಲಾಮಕ್ಕಳ ವಿವಿಧ ವಿಷಯಗಳ ಸಾಧನೆಯನ್ನು ಒಂದರೊಡನೊಂದು ಹೋಲಿಸಿ, ಒಂದು ವಿಷಯದಲ್ಲಿ ಮುಂದಿರುವ ಬಾಲಕನು ಸಾಮಾನ್ಯವಾಗಿ ಉಳಿದವುಗಳಲ್ಲಿಯೂ ಮುಂದಿರುತ್ತಾನೆಂದು ಗಣಿತದಿಂದ ತೋರಿಸಿದನು. ಎಲ್ಲಕ್ಕೂ ಸಮಾನವಾದ ಒಂದು ಸಾಮಾನ್ಯ ಶಕ್ತಿಯಿದೆಯೆಂಬುದು ಅವನ ಸಿದ್ಧಾಂತ. ಆತನ ಬಳಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದು ಮರಳಿದ ಎಂ. ವಿ. ಗೋಪಾಲಸ್ವಾಮಿಯವರು, ಬ್ರಜೇಂದ್ರನಾಥ ಸೀಲರು ಕುಲಪತಿಗಳಾಗಿದ್ದ ೧೯೨೪ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಸ್ಥಾಪಿಸಿದರು. ೧೯೩೫ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದವರೂ ಇವರೇ. ಆಕಾಶವಾಣಿಯ ಖ್ಯಾತಿಯಲ್ಲಿ ಅವರ ಮನಶ್ಶಾಸ್ತ್ರವನ್ನು ನಾಡು ಮರೆತಿರುವುದು ಉಚಿತವಲ್ಲ.

ಆದರೆ ಕನ್ನಡ ಮಾತನಾಡುವ ಮಗುವಿಗೆ ಅದರ ನುಡಿಯಲ್ಲಿಯೇ ಪ್ರಶ್ನೆ ಕೇಳಿ ಅಳೆಯುವ ಕೆಲಸ ನಡೆದದ್ದು ಮೈಸೂರಿನಲ್ಲಲ್ಲ, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ. ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ೧೯೦೫ರಲ್ಲಿ ರಚಿಸಿದ ಪ್ರಶ್ನಾವಳಿಯನ್ನು ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ ೧೯೩೪ರಲ್ಲಿ ಒಂದು ಬ್ರಿಟಿಷ್ ಶೈಕ್ಷಣಿಕ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೪೦ರಲ್ಲಿ ಅದು ಗ್ರಂಥರೂಪ ತಾಳಿತು. ಬಿನೆ–ಕಾಮತ್ ಪರೀಕ್ಷೆಯೆಂದು ಹೆಸರಾದ ಇದು ದಶಕಗಳ ಕಾಲ ದೇಶದ ಆಸ್ಪತ್ರೆ ಮತ್ತು ಶಿಶುಮಾರ್ಗದರ್ಶನ ಕೇಂದ್ರಗಳಲ್ಲಿ ಬಳಕೆಯಾಗಿದೆ. ಪ್ರಶ್ನೆಗಳನ್ನು ವಯಸ್ಸಿನ ಮೆಟ್ಟಿಲುಗಳಲ್ಲಿ ಜೋಡಿಸಲಾಗಿದೆ. ಮೆಟ್ಟಿಲೊಂದಕ್ಕೆ ಆರು ಪ್ರಶ್ನೆಗಳು. ಮೆಟ್ಟಿಲುಗಳ ನಡುವೆ ಒಂದು ವರ್ಷದ ಅಂತರವಿರುವ ಎಳೆಯ ವಯಸ್ಸಿನಲ್ಲಿ ಒಂದು ಪ್ರಶ್ನೆಗೆ ಎರಡು ತಿಂಗಳ ಬೆಲೆ. ಹೀಗೆ ಕೂಡಿಬಂದ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬುದ್ಧಿಲಬ್ಧ ದೊರೆಯುತ್ತದೆ.

ಶಿವಮೊಗ್ಗ ಮತ್ತು ಭದ್ರಾವತಿಗಳ ಮಕ್ಕಳನ್ನು ಕುರಿತು ಮಹಾಪ್ರಬಂಧ ಬರೆಯಹೊರಟ ಸಂಶೋಧನಾರ್ಥಿ ಎದುರಿಸಬೇಕಾದ ಮೊದಲ ಪ್ರಶ್ನೆ ಇಲ್ಲಿಯೇ ಇದೆ. ಧಾರವಾಡದ ಮಕ್ಕಳಿಂದ ಸಿದ್ಧವಾದ ಮಾನಕ ತುಂಗಾತೀರದ ಮಗುವಿಗೆ ಸಲ್ಲುವುದೇ? ಒಂದೆಡೆ ಉಳ್ಳಾಗಡ್ಡಿ, ಇನ್ನೊಂದೆಡೆ ಈರುಳ್ಳಿ. ಒಂದೆಡೆ ಚಲೋ, ಇನ್ನೊಂದೆಡೆ ಚೆನ್ನಾಗಿ. ಕಾಲದ ಅಂತರವೂ ಸಣ್ಣದಲ್ಲ. ನಾಣ್ಯಗಳನ್ನು ಗುರುತಿಸುವ ಮತ್ತು ಎಣಿಸುವ ಪ್ರಶ್ನೆಗಳು ಬಿನೆಯ ಪರಿಷ್ಕೃತ ಪ್ರಶ್ನಾವಳಿಯಲ್ಲಿಯೇ ಇದ್ದವು. ನಮ್ಮಲ್ಲಿ ೧೯೫೭ರಲ್ಲಿ ದಶಮಾಂಶ ನಾಣ್ಯಪದ್ಧತಿ ಬಂದ ಮೇಲೆ ಹುಟ್ಟಿದ ಮಗುವಿಗೆ ಆಣೆಯ ಲೆಕ್ಕ ಕೇಳುವುದು ಬುದ್ಧಿಯ ಪರೀಕ್ಷೆಯಾಗದೆ ಇತಿಹಾಸದ ಪರೀಕ್ಷೆಯಾದೀತು.

ಭದ್ರಾವತಿಯ ಸಂಗತಿ ಇನ್ನೂ ಜಟಿಲ. ಬೆಂಕಿಪುರವೆಂಬ ಹೆಸರಿನ ಊರಿನಲ್ಲಿ ಕಬ್ಬಿಣದ ಕಾರ್ಖಾನೆಯ ಕಾರ್ಯ ೧೯೧೮ರಲ್ಲಿ ತೊಡಗಿ, ಮುಂದೆ ೧೯೩೬ರಲ್ಲಿ ಕಾಗದದ ಕಂಪನಿಯೂ ಸ್ಥಾಪನೆಯಾದ ಮೇಲೆ, ದುಡಿಮೆಯನ್ನರಸಿ ಬಂದ ತಮಿಳು, ತೆಲುಗು, ಉರ್ದು ಮನೆಮಾತಿನ ಸಂಸಾರಗಳು ಅಲ್ಲಿ ನೆಲೆಸಿದವು. ಅಂಥ ಮನೆಯ ಮಗು ಬೀದಿಯಲ್ಲಿ ಕನ್ನಡವನ್ನು ನಿರರ್ಗಳವಾಗಿ ಆಡಬಹುದು; ಆದರೆ ಮನೆಯಲ್ಲಿ ಕೇಳದ ಒಂದು ಪದ ಪ್ರಶ್ನೆಯಲ್ಲಿ ಬಂದಾಗ ಸುಮ್ಮನೆ ನಿಲ್ಲುತ್ತದೆ. ಪ್ರಸಾದನಿಲಯಗಳಿಗೆ ಹಳ್ಳಿಗಳಿಂದ ಹೊಸದಾಗಿ ಬಂದ ಮಕ್ಕಳ ಮೌನವನ್ನು ಬಲ್ಲ ಅಧ್ಯಾಪಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಮೌನದ ಬೆಲೆಯನ್ನು ಲೆಕ್ಕ ಹಾಕಬಹುದು. ಆರು ವರ್ಷ ತುಂಬಿದ ಮಗುವಿನ ನಿಜ ವಯಸ್ಸು ೭೨ ತಿಂಗಳು. ಅದರ ಮಾನಸಿಕ ವಯಸ್ಸು ೫೦ ತಿಂಗಳೆಂದು ಬಂದರೆ ಬುದ್ಧಿಲಬ್ಧ ಸುಮಾರು ೬೯. ಇನ್ನೊಂದೇ ಪ್ರಶ್ನೆಗೆ ಸರಿಯುತ್ತರ ಕೊಟ್ಟಿದ್ದರೆ ೫೨ ತಿಂಗಳಾಗಿ ಬುದ್ಧಿಲಬ್ಧ ೭೨. ಎಪ್ಪತ್ತೆಂಬುದು ಬುದ್ಧಿನ್ಯೂನತೆಯ ಎಲ್ಲೆಯೆಂದು ಬಹುಕಾಲದಿಂದ ಎಣಿಸಲ್ಪಟ್ಟ ಸಂಖ್ಯೆ. ಅರಿಯದ ಒಂದು ಪದ ಮಗುವನ್ನು ಆ ಗೆರೆಯ ಆಚೆಗೆ ನೂಕಬಲ್ಲುದು.

ಇದಕ್ಕೆ ವಿರುದ್ಧ ದಿಕ್ಕಿನ ದೋಷವೂ ಉಂಟು. ಜೇಮ್ಸ್ ಫ್ಲಿನ್ ೧೯೮೪ ಮತ್ತು ೧೯೮೭ರಲ್ಲಿ ಪ್ರಕಟಿಸಿದ ಅಧ್ಯಯನಗಳಿಂದ, ಅನೇಕ ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಪರೀಕ್ಷೆಗಳ ಅಂಕ ಏರಿದುದು ತಿಳಿದುಬಂದಿತು. ಅಮೆರಿಕದಲ್ಲಿ ಆ ಏರಿಕೆ ದಶಕಕ್ಕೆ ಸುಮಾರು ೩ ಅಂಕ. ಆದುದರಿಂದ ಹಳೆಯ ಮಾನಕದಿಂದ ಅಳೆದ ಮಗುವಿನ ಅಂಕ ಉಬ್ಬಿ ತೋರುವ ಸಂಭವವಿದ್ದು, ನೆರವು ಬೇಕಾದ ಮಗುವಿಗೆ ನೆರವು ತಪ್ಪುತ್ತದೆ. ಒಂದು ದೋಷ ಇನ್ನೊಂದನ್ನು ಸರಿಗೊಳಿಸೀತೆಂದು ಸುಮ್ಮನಿರುವುದು ಶಾಸ್ತ್ರವಲ್ಲ. ಎರಡೂ ಒಂದೇ ಮಗುವಿನಲ್ಲಿ ಸಮನಾಗಿ ಬೀಳುವುದಿಲ್ಲ.

ಛಂದಶ್ಶಾಸ್ತ್ರ ಬಲ್ಲವರಿಗೆ ಸಂತೋಷ ಕೊಡುವ ಒಂದು ಸಂಗತಿಯನ್ನು ಇಲ್ಲಿ ಕಾಣಿಸಬಹುದು. ಅಂಕಿಗಳ ಸಾಲನ್ನು ಕೇಳಿಸಿ ಹಾಗೆಯೇ ಮರಳಿ ಹೇಳಿಸುವುದು ಬುದ್ಧಿಮಾಪನದ ಹಳೆಯ ಪ್ರಶ್ನೆಗಳಲ್ಲೊಂದು. ಮೇಲುನೋಟಕ್ಕೆ ಅಂಕಿಗೆ ಭಾಷೆಯ ಸೋಂಕಿಲ್ಲ. ಆದರೆ ಎಲ್ಲಿಸ್ ಮತ್ತು ಹೆನೆಲಿ ಎಂಬ ಸಂಶೋಧಕರು ೧೯೮೦ರಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರನ್ನು ಪರೀಕ್ಷಿಸಿ, ವೆಲ್ಷ್ ಅಂಕಿಗಳ ಉಚ್ಚಾರಣೆಗೆ ಹೆಚ್ಚು ಕಾಲ ಬೇಕಾಗುವುದರಿಂದ ಆ ಭಾಷೆಯಲ್ಲಿ ನೆನಪಿನ ಅಂಕ ತಗ್ಗುತ್ತದೆಂದು ತೋರಿಸಿದರು. ಕನ್ನಡದ ಅಂಕಿಗಳಿಗೆ ಲಘು ಗುರು ಹಾಕಿ ನೋಡಿದರೆ ಒಂದರಿಂದ ಎಂಟರವರೆಗೆ ಪ್ರತಿಯೊಂದೂ ಮೂರು ಮಾತ್ರೆಗಳದೇ ಆಗಿದೆ. ‘ಒಂದು’, ‘ನಾಲ್ಕು’, ‘ಏಳು’ ಮುಂತಾದವು ಒಂದು ಗುರು ಒಂದು ಲಘು. ‘ಎರಡು’ ಮೂರು ಲಘು, ಆಡುಮಾತಿನಲ್ಲಿ ‘ಎರ್ಡು’ ಎಂದರೂ ಮಾತ್ರೆ ಮೂರೇ. ‘ಒಂಬತ್ತು’ ಮಾತ್ರ ಐದು ಮಾತ್ರೆ. ಐದು ಅಂಕಿಗಳ ಸಾಲಿನಲ್ಲಿ ಒಂಬತ್ತು ಇಲ್ಲದಿದ್ದರೆ ಹದಿನೈದು ಮಾತ್ರೆ, ಎರಡು ಸಲ ಬಂದರೆ ಹತ್ತೊಂಬತ್ತು. ಉರ್ದು ಮನೆಮಾತಿನ ಮಗು ಏಕ್, ದೋ, ತೀನ್ ಎಂದು ಮನಸ್ಸಿನಲ್ಲಿ ಬೇಗ ಉರುಳಿಸಿಕೊಳ್ಳಬಲ್ಲುದು. ಹಾಗಾದರೆ ಭದ್ರಾವತಿಯ ಒಂದೇ ಬೆಂಚಿನ ಇಬ್ಬರು ಮಕ್ಕಳು ಹೊರುವ ಹೊರೆ ಒಂದೇ ಎನ್ನಲಾದೀತೇ? ಊಹೆಯಿಂದ ಉತ್ತರಿಸುವ ಪ್ರಶ್ನೆಯಲ್ಲ ಇದು. ಅಳೆದೇ ನೋಡಬೇಕು, ಸಂಶೋಧನೆಗೆ ಯೋಗ್ಯವಾದುದು.

ಅಳೆದು ನೋಡುವ ಉಪಾಯವನ್ನು ಶಾಸ್ತ್ರವೇ ಒದಗಿಸಿದೆ. ಎರಡು ಗುಂಪುಗಳಿಂದ ಒಟ್ಟು ಅಂಕ ಸಮನಾಗಿರುವ ಮಕ್ಕಳನ್ನು ಆರಿಸಿ ಒಂದೊಂದೇ ಪ್ರಶ್ನೆಯನ್ನು ಹೋಲಿಸಬೇಕು. ಒಟ್ಟಿನಲ್ಲಿ ಸಮಾನರಾದವರ ನಡುವೆ ಒಂದು ಪ್ರಶ್ನೆ ಮಾತ್ರ ಒಂದು ಗುಂಪಿಗೆ ವಿಶೇಷವಾಗಿ ಕಠಿಣವಾಗಿ ಕಂಡರೆ ಆ ಪ್ರಶ್ನೆಯ ನುಡಿಯನ್ನು ಶಂಕಿಸಬೇಕು. ಅನುವಾದವನ್ನು ಬೇರೊಬ್ಬರಿಂದ ಮೂಲಭಾಷೆಗೆ ಮರಳಿಸಿ ನೋಡುವ ಕ್ರಮವೂ ಇದೆ. ಆದರೆ ಅರ್ಥ ಸರಿಯಾಗಿ ಮರಳಿದ ಮಾತ್ರಕ್ಕೆ ಕಾಠಿಣ್ಯವೂ ಮರಳಿತೆಂದಾಗದು. ‘ನೀರು’ ಎಂಬಲ್ಲಿ ‘ಜಲ’ ಎಂದು ಬರೆದವನ ಅರ್ಥ ಸರಿಯಾಗಿಯೇ ಇರುತ್ತದೆ.

ಎರಡು ಊರುಗಳ ಸರಾಸರಿಗಳನ್ನು ಹೋಲಿಸುವುದು ಇಷ್ಟೆಲ್ಲ ಆದ ಮೇಲಿನ ಮಾತು. ಅಲ್ಲಿಯೂ ಆತುರ ಸಲ್ಲದು. ಅಂಕಗಳ ಹರಡಿಕೆಯ ಪ್ರಮಾಣ ೧೫ ಇದ್ದಾಗ, ೨೫ ಮಕ್ಕಳ ಸರಾಸರಿಯಲ್ಲಿ ಆಕಸ್ಮಿಕದಿಂದಲೇ ೩ ಅಂಕಗಳಷ್ಟು ಅಲುಗಾಟವಿರುತ್ತದೆ. ಅದನ್ನು ಅರ್ಧಕ್ಕೆ ಇಳಿಸಲು ೫೦ ಮಕ್ಕಳು ಸಾಲರು, ೧೦೦ ಬೇಕು. ಆದುದರಿಂದ ಇಪ್ಪತ್ತೈದರ ಎರಡು ತರಗತಿಗಳ ನಡುವೆ ಎರಡು ಮೂರು ಅಂಕಗಳ ಅಂತರ ಕಂಡರೆ ಅದರ ಮೇಲೆ ಶಾಲೆಯ ಗೌರವವನ್ನೋ ಅಗೌರವವನ್ನೋ ಕಟ್ಟುವಂತಿಲ್ಲ.

ಬಿನೆಯನ್ನು ಪ್ಯಾರಿಸಿನಲ್ಲಿ ಈ ಕಾರ್ಯಕ್ಕೆ ಹಚ್ಚಿದ ಕಾರಣವೇ ಬೇರೆ. ಸಾಮಾನ್ಯ ತರಗತಿಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಅವರಿಗೆ ತಕ್ಕ ಬೋಧನೆಯನ್ನು ಏರ್ಪಡಿಸುವುದಕ್ಕಾಗಿ ಫ್ರೆಂಚ್ ಸರ್ಕಾರ ೧೯೦೪ರಲ್ಲಿ ಒಂದು ಸಮಿತಿಯನ್ನು ನೇಮಿಸಿತ್ತು. ಬುದ್ಧಿಯು ಹೆಚ್ಚಿಸಲಾಗದ ಸ್ಥಿರ ಮೊತ್ತವೆಂಬ ಮತವನ್ನು ಆತ ೧೯೦೯ರ ತನ್ನ ಗ್ರಂಥದಲ್ಲಿ ಬಲವಾಗಿ ಖಂಡಿಸಿದನು; ಅಂಥ ಮಕ್ಕಳ ಗಮನ, ನೆನಪು, ವಿವೇಚನೆಗಳನ್ನು ಬೆಳೆಸಲು ಮಾನಸಿಕ ವ್ಯಾಯಾಮಗಳನ್ನೂ ಸೂಚಿಸಿದನು. ಆತನ ಪ್ರಶ್ನಾವಳಿ ದೇಶದೇಶಗಳಿಗೆ ಹರಡಿದಷ್ಟು ವೇಗವಾಗಿ ಆ ವ್ಯಾಯಾಮಗಳು ಹರಡಲಿಲ್ಲ.